ರಂಜಕದ ಪ್ರಮಾಣವೂ ಮದ್ದಿನ ಪ್ರಮಾಣವೂ

ಕೋವಿಯ ಚರಿತ್ರೆಯನ್ನು ವಿವೇಚಿಸುವವರು ಸಾಮಾನ್ಯವಾಗಿ ನಳಿಗೆಯ ಉದ್ದವನ್ನೂ ಗುಂಡಿನ ತೂಕವನ್ನೂ ಗಣಿಸುತ್ತಾರೆ. ಮದ್ದಿಗೆ ಕಿಡಿ ಮುಟ್ಟಿಸುವ ರಂಜಕವನ್ನು ಗಮನಿಸುವವರು ವಿರಳ. ನಳಿಗೆಯಲ್ಲಿ ತುಂಬಬೇಕಾದ ಮದ್ದಿನ ಪ್ರಮಾಣವು ಈ ಅಲ್ಪವಸ್ತುವನ್ನು ಅವಲಂಬಿಸಿದೆಯೆಂಬುದನ್ನೂ, ಕಿಡಿಯ ಕ್ರಮವನ್ನರಿತರೆ ಒಂದು ಸಂಸ್ಕೃತ ಗ್ರಂಥದ ಕಾಲವಿಚಾರಕ್ಕೆ ಸಹಾಯವಾಗುವುದೆಂಬುದನ್ನೂ ಇಲ್ಲಿ ನಿರೂಪಿಸುತ್ತೇವೆ.

ಶುಕ್ರನೀತಿಯ ನಾಲ್ಕನೆಯ ಅಧ್ಯಾಯದಲ್ಲಿ ಲಘುನಾಲಿಕವೆಂಬ ಆಯುಧದ ವರ್ಣನೆಯಿದೆ. ಮೊದಲು ನಳಿಗೆಯನ್ನು ಶೋಧಿಸಿ, ಅಗ್ನಿಚೂರ್ಣವನ್ನು ಹಾಕಿ, ದಂಡದಿಂದ ಗಟ್ಟಿಯಾಗಿ ಇಡಿದು, ಗುಂಡನ್ನಿಟ್ಟು, ಬಳಿಕ ಬುಡದ ಕರ್ಣದಲ್ಲಿ ಚೂರ್ಣವನ್ನಿರಿಸಿ ಅದಕ್ಕೆ ಬೆಂಕಿ ಕೊಡಬೇಕೆಂದು ವಿಧಿ. ಯಂತ್ರದ ಆಘಾತದಿಂದ ಬೆಂಕಿ ಹುಟ್ಟಿಸುವ ಕಲ್ಲೂ ಅಲ್ಲಿ ಉಕ್ತವಾಗಿದೆ. ಇದನ್ನು ಆಧಾರವಾಗಿಟ್ಟು ಗುಸ್ತಾವ್ ಓಪರ್ಟರು 1880ರಲ್ಲಿ ಪ್ರಾಚೀನ ಭಾರತದಲ್ಲಿ ಕೋವಿಯಿತ್ತೆಂದು ವಾದಿಸಿದರು. ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮಗೂ ಅದೇ ಸಿದ್ಧಾಂತವಾಗಿತ್ತು.

ಆದರೆ ಚಕಮಕಿಕಲ್ಲಿನ ಕೋವಿಯು ಯೂರೋಪಿನಲ್ಲಿ ರೂಢಿಗೆ ಬಂದದ್ದು 17ನೆಯ ಶತಮಾನದಲ್ಲಿ. ನಮ್ಮ ಕೊತ್ತತ್ತಿಯ ಸೀಮೆಗೆ ನೆರೆಯಾದ ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನ ಕಾರ್ಖಾನೆಗಳು ಈ ಬಗೆಯ ಕೋವಿಗಳನ್ನು ಮಾಡಿದುವು. 2017ರಲ್ಲಿ ರೈಲುಮಾರ್ಗಕ್ಕಾಗಿ ಇಡಿಯಾಗಿ ಬೇರೆಡೆಗೆ ಸರಿಸಲ್ಪಟ್ಟ ಶಸ್ತ್ರಾಗಾರವು ಆ ಕಾಲದ ಸಾಕ್ಷಿಯಾಗಿ ಅಲ್ಲಿ ಇಂದಿಗೂ ನಿಂತಿದೆ.

ಚಕಮಕಿ ಕೋವಿಯ ಸಿಪಾಯಿಯು ತೋಟೆಯ ಕಾಗದವನ್ನು ಹಲ್ಲಿನಿಂದ ಹರಿದು, ಅದರ ಮದ್ದಿನಲ್ಲಿಯೇ ಸ್ವಲ್ಪವನ್ನು ಕಿವಿಯ ಬಟ್ಟಲಿಗೆ ಸುರಿದು, ಉಳಿದುದನ್ನು ನಳಿಗೆಗೆ ಹಾಕುತ್ತಿದ್ದನು. ರಂಜಕ ಹೆಚ್ಚಿದಷ್ಟೂ ನಳಿಗೆಯ ಪಾಲು ಕಡಮೆಯಾಗುತ್ತಿತ್ತು. ಮೇಲಾಗಿ ಕಿವಿಯ ರಂಧ್ರದಿಂದ ಹೊಗೆಯೊಡನೆ ಬಲವೂ ಸೋರಿಹೋಗುತ್ತಿತ್ತು. ಈ ಎರಡು ನಷ್ಟಗಳನ್ನೂ ಎಣಿಸಿಯೇ ಇಂಗ್ಲಿಷರು ತಮ್ಮ ಕೋವಿಗೆ 6 ಡ್ರಾಂ, ಎಂದರೆ ಸುಮಾರು 10½ ಗ್ರಾಂ, ಮದ್ದನ್ನು ನಿಯಮಿಸಿದ್ದರು.

1807ರಲ್ಲಿ ಫೋರ್ಸೈತ್ ಎಂಬ ಪಾದ್ರಿಯು ಪೆಟ್ಟಿಗೆ ಸಿಡಿಯುವ ರಂಜಕಕ್ಕೆ ಹಕ್ಕುಪತ್ರ ಪಡೆದನು. ಅದರಿಂದ ಬೆಳೆದುಬಂದ ಕೇಪಿನ ಕೋವಿಯಲ್ಲಿ ಮದ್ದಿನ ಪ್ರಮಾಣವು 4½ ಡ್ರಾಮಿಗೆ ಇಳಿಯಿತು. ರಂಜಕಕ್ಕೆ ಪಾಲು ಕೊಡಬೇಕಾಗಲಿಲ್ಲ, ಸೋರಿಕೆಯೂ ತಗ್ಗಿತು. 1834ರ ವುಲಿಚ್ ಪರೀಕ್ಷೆಯಲ್ಲಿ ಚಕಮಕಿ ಕೋವಿಯು ಆರೇಳು ಸಲಕ್ಕೊಮ್ಮೆ ಹುಸಿಹೋದರೆ, ಕೇಪಿನ ಕೋವಿಯು ಸಾವಿರಕ್ಕೆ ಆರರಷ್ಟು ಮಾತ್ರ ಹುಸಿಹೋಯಿತು.

ಈ ನ್ಯಾಯವು ಇಂದಿನ ಕೈಪಿಸ್ತೂಲಿನ ತೋಟೆಗೂ ಅನ್ವಯಿಸುತ್ತದೆ. ಅದರ ಬುಡದ ಕೇಪಿನಲ್ಲಿ ಎರಡು ಗಾತ್ರಗಳುಂಟು: ಹಿರಿದರ ವ್ಯಾಸ 0.210 ಅಂಗುಲ, ಕಿರಿದರದು 0.175 ಅಂಗುಲ. ಕೇಪು ಬದಲಾದರೆ ಕಿಡಿಯ ಬಲವೂ ನಳಿಗೆಯ ಒತ್ತಡವೂ ಬದಲಾಗಬಹುದಾದುದರಿಂದ, ತಜ್ಞರು ಹಳೆಯ ಅಳತೆಯನ್ನೇ ನಂಬದೆ, ಮದ್ದನ್ನು ತಗ್ಗಿಸಿ ಮತ್ತೆ ಪರೀಕ್ಷಿಸುತ್ತಾರೆ.

ಇನ್ನು ಪ್ರಕೃತಕ್ಕೆ ಬರೋಣ. ಶುಕ್ರನೀತಿಯ ಪ್ರಕರಣವು ಕಲ್ಲಿನ ಕಿಡಿಯನ್ನು ಬಲ್ಲುದು, ಕೇಪನ್ನು ಅರಿಯದು. ಎರಡನೆಯದು ಅಭಾವಪ್ರಮಾಣವಾದುದರಿಂದ ಅದರ ಮೇಲೆ ಹೆಚ್ಚು ಭಾರ ಹಾಕಲಾಗದು. ಮೊದಲನೆಯದೊಂದೇ ಆ ಭಾಗವನ್ನು ಅರ್ವಾಚೀನವೆನ್ನಲು ಸಾಕು. ಲಲ್ಲನ್‌ಜೀ ಗೋಪಾಲರು 1962ರಲ್ಲಿ ಗ್ರಂಥವೇ 19ನೆಯ ಶತಮಾನದ್ದೆಂದು ಪ್ರತಿಪಾದಿಸಿದ್ದಾರೆ. ಪೂರ್ವಿಕರ ಮೇಲಣ ಗೌರವದಿಂದ ಅವರಿಗಿಲ್ಲದ ಕೋವಿಯನ್ನು ಅವರ ಕೈಗೆ ಕೊಡುವುದು ಶಾಸ್ತ್ರಸೇವೆಯಲ್ಲ. ನಾವು ಹಿಂದೆ ಹಿಡಿದಿದ್ದ ಪಕ್ಷವನ್ನು ಇಲ್ಲಿ ಬಿಟ್ಟಿದ್ದೇವೆ.