ಮೆಲ್ಲಗೆ ಹಾಡು ಕೇಳಲೂ 100 ವ್ಯಾಟ್ ಆಂಪ್ಲಿಫೈಯರ್ ಬೇಕೇ?

ಹೇಳಿಕೆ: ಸ್ಪೀಕರ್ ಮೇಲೆ 100 ವ್ಯಾಟ್ ಎಂದಿದ್ದರೆ ಆಂಪ್ಲಿಫೈಯರ್ ಕೂಡ ಅಷ್ಟೇ ಇರಬೇಕು. ಇಲ್ಲದಿದ್ದರೆ ಕಡಿಮೆ ವಾಲ್ಯೂಮ್‌ನಲ್ಲಿ ಬೇಸ್ ಬರುವುದಿಲ್ಲ.

ವಾಸ್ತವ: ಸ್ಪೀಕರ್ ಮೇಲಿನ ವ್ಯಾಟ್ ಅದು ತಡೆದುಕೊಳ್ಳುವ ಮಿತಿಯನ್ನು ಹೇಳುತ್ತದೆ, ಅದಕ್ಕೆ ಬೇಕಾದ ಶಕ್ತಿಯನ್ನಲ್ಲ. ನೋಡಬೇಕಾದದ್ದು ಸೆನ್ಸಿಟಿವಿಟಿ. ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬುದು.

ಸೆನ್ಸಿಟಿವಿಟಿ 87 ಡೆಸಿಬಲ್ ಇರುವ ಸ್ಪೀಕರ್ ತೆಗೆದುಕೊಂಡು ನಾವು ಲೆಕ್ಕ ಹಾಕೋಣ. ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದರೆ ಸದ್ದು 10 ಡೆಸಿಬಲ್ ಇಳಿಯುತ್ತದೆ. ಹಾಗಾಗಿ 67 ಡೆಸಿಬಲ್‌ಗೆ, ಅಂದರೆ ಮಾತುಕತೆಗಿಂತ ತುಸು ಜೋರಾದ ಸದ್ದಿಗೆ, 0.01 ವ್ಯಾಟ್ ಸಾಕು. ನಡುವೆ ತಬಲಾ ಪೆಟ್ಟು 20 ಡೆಸಿಬಲ್ ಮೇಲೇರಿದರೂ 1 ವ್ಯಾಟ್ ಸಾಕಾಗುತ್ತದೆ. 3 ಮೀಟರ್ ದೂರ ಕೂತರೂ 10 ವ್ಯಾಟ್ ದಾಟುವುದಿಲ್ಲ.

ಹಾಗಾದರೆ ಬೇಸ್ ಏಕೆ ಕೇಳಿಸುವುದಿಲ್ಲ? ಕಾರಣ ನಮ್ಮ ಕಿವಿ. ಸದ್ದು ತಗ್ಗಿದಷ್ಟೂ ಬೇಸ್ ನಮಗೆ ಇನ್ನಷ್ಟು ಕ್ಷೀಣವಾಗಿ ಕೇಳಿಸುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಇದಕ್ಕೆ ಪರಿಹಾರ ಲೌಡ್‌ನೆಸ್ ಬಟನ್ ಅಥವಾ ಬೇಸ್ ನಾಬ್. ಹೆಚ್ಚು ವ್ಯಾಟ್‌ಗೆ ಹಣ ಸುರಿದರೆ ಕಿವಿ ಬದಲಾಗದು.

ಕೊಳ್ಳುವಾಗ ನೋಡಿ:
• ಸ್ಪೀಕರ್ 4 ಓಮ್ ಆಗಿದ್ದರೆ ಆಂಪ್ಲಿಫೈಯರ್ ಕೂಡ 4 ಓಮ್‌ಗೆ ಹೊಂದಬೇಕು. ಇಲ್ಲದಿದ್ದರೆ ಜೋರಾಗಿ ಹಾಕಿದಾಗ ಬಿಸಿಯಾಗಿ ಕೆಡಬಹುದು.
• ಹಾಡು ನಿಲ್ಲಿಸಿದಾಗ ನೀವು ಕೂರುವ ಜಾಗಕ್ಕೆ 'ಸ್ಸ್' ಎಂಬ ಸದ್ದು ಕೇಳಿಸಬಾರದು.
• ಚಿಕ್ಕ ಆಂಪ್ಲಿಫೈಯರನ್ನು ಸದ್ದು ಒಡೆಯುವಷ್ಟು ಏರಿಸಬೇಡಿ. ಟ್ವೀಟರ್ ಸುಡಬಹುದು.

ತೀರ್ಮಾನ: ಹೇಳಿಕೆ ತಪ್ಪು. ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಸ್ಪೀಕರಿನ ಸೆನ್ಸಿಟಿವಿಟಿ ಓದಿ ನೋಡಿ.