ಶಿಲೆಯ ಲಿಪಿ, ಗಣೆಯ ದನಿ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರವು ಚರಿತ್ರೆಯನ್ನು ಓದಿದವರಿಗೆ ಹೊಸ ಹೆಸರೇನಲ್ಲ. 1892ರಲ್ಲಿ ಬಿ. ಎಲ್. ರೈಸರು ಇಲ್ಲಿಯೂ ನೆರೆಯ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ ಇವನ್ನು ಬೋಧಿಸುವ ಆ ಲಿಪಿಯನ್ನು ಓದಬಲ್ಲವರು ಬಹು ಶತಮಾನಗಳ ಕಾಲ ಈ ಸೀಮೆಯಲ್ಲಿ ಇರಲಿಲ್ಲ. ಚಕ್ರವರ್ತಿಯ ಹೆಸರು ಮರೆತೇಹೋಗಿದ್ದಿತು. ಊರವರ ಬಾಯಲ್ಲಿ ಸಿದ್ದಾಪುರದ ಆ ಬಂಡೆಯು ಎಮ್ಮೆ ತಮ್ಮನ ಗುಂಡಾಗಿಯೇ ಉಳಿದಿದ್ದಿತು. ಲಿಪಿಯ ಆಸರೆಯಿಲ್ಲದೆಯೂ ಜನರ ನೆನಪು ಬಾಳಬಲ್ಲುದೆಂಬುದಕ್ಕೆ ಇದೊಂದು ನಿದರ್ಶನವಷ್ಟೆ.

ಈ ಸೀಮೆಯ ಕಾಡುಗೊಲ್ಲರ ಚರಿತ್ರೆಯೂ ಹಾಡಿನಲ್ಲಿಯೇ ಇದೆ. ಅವರ ವೀರನೂ ದೈವವೂ ಆದ ಜುಂಜಪ್ಪನು ದನಗಾಹಿ. ಶಿರಾ ಸೀಮೆಯ ಕಳುವರಹಳ್ಳಿಯ ಗುಡ್ಡೆ ಅವನ ಮುಖ್ಯ ಕ್ಷೇತ್ರ. ಅವನ ಕಥೆಯನ್ನು ಹಾಡುವಾಗ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುವರು. ಅದು ಕೇವಲ ವಿನೋದದ ವಾದ್ಯವಲ್ಲ, ಪೂಜೆಗೆ ಸಲ್ಲುವ ವಸ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವನ್ನೇ ಅರಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟಿದ್ದಳು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡರು.

ದೂರದ ಬಲ್ಗೇರಿಯಾದ ರೊಡೋಪಿ ಬೆಟ್ಟಗಳಲ್ಲಿಯೂ ಕುರಿಗಾಹಿಗಳಿಗೆ ಇಂಥದೇ ಸಂಪತ್ತುಂಟು. ಆಡಿನ ಚರ್ಮದ ತಿತ್ತಿಗೆ ಕೊಳವೆಗಳನ್ನು ಜೋಡಿಸಿದ ಗೈದಾ ಅವರ ವಾದ್ಯ. ತಿತ್ತಿಯಲ್ಲಿ ತುಂಬಿದ ಗಾಳಿಯಿಂದ ಊದುವವನು ಉಸಿರೆಳೆದುಕೊಳ್ಳುವಾಗಲೂ ನಾದ ಕಡಿಯುವುದಿಲ್ಲ. ತುರ್ಕರನ್ನು ಎದುರಿಸಿದ ದೆಲ್ಯೊ ಎಂಬ ವೀರನನ್ನು ಕುರಿತು ವಾಲ್ಯಾ ಬಾಲ್ಕಾನ್ಸ್ಕಾ ಗೈದಾದೊಡನೆ ಹಾಡಿದ ಪದವನ್ನು 1977ರಲ್ಲಿ ವಾಯೇಜರ್ ನೌಕೆಗಳು ಅಂತರಿಕ್ಷಕ್ಕೆ ಕೊಂಡೊಯ್ದುವು.

ನಮ್ಮ ಗಣೆಗೆ ತಿತ್ತಿಯಿಲ್ಲ. ಊದುವವನ ಉಸಿರೇ ಅದರ ಬಂಡವಾಳ. ಆ ಉಸಿರಿಗೆ ಹಟ್ಟಿ ಬೇಕು, ಹಟ್ಟಿಗೆ ದನ ಬೇಕು, ದನಕ್ಕೆ ಹುಲ್ಲುಗಾವಲು ಬೇಕು. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳಲ್ಲಿ ಚಳ್ಳಕೆರೆಯ ಸುಮಾರು 10,000 ಎಕರೆಯಷ್ಟು ನೆಲವು ಈ ಶತಮಾನದಲ್ಲಿ ಸಂಶೋಧನೆ, ರಕ್ಷಣೆ ಮೊದಲಾದ ಕಾರ್ಯಗಳಿಗೆ ಹೋಯಿತು. ವಿಜ್ಞಾನವು ದೇಶಕ್ಕೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬಂಡೆಗೆ ಬೇಲಿ ಹಾಕಿ ಶಾಸನವನ್ನು ಕಾಯಬಹುದು. ಕಾವಲಿಗೆ ಬೇಲಿ ಹಾಕಿ ಹಾಡನ್ನು ಕಾಯಲಾಗದು. ಪುಸ್ತಕಕ್ಕೆ ಇಳಿದ ಪದವು ಉಳಿದೀತು; ಅದನ್ನು ಮಕ್ಕಳಿಗೆ ಕಲಿಸುವ ಹಟ್ಟಿಯೂ ಉಳಿಯಬೇಕೆಂಬುದು ನಮ್ಮ ಬಿನ್ನಹ.