ಎಸ್‌ಡಿ-ವ್ಯಾನ್ ಮತ್ತು ಮೀಸಲು ಅಂತರಜಾಲ ಸಂಪರ್ಕ

ಎಸ್‌ಡಿ-ವ್ಯಾನ್ ಎಂಬುದು ಒಂದು ಸಂಸ್ಥೆಯ ಬೇರೆ ಬೇರೆ ಊರುಗಳ ಕಚೇರಿಗಳನ್ನು ಜೋಡಿಸುವ ವಿಸ್ತೃತ ಜಾಲವನ್ನು ತಂತ್ರಾಂಶದ ಮೂಲಕ ಒಂದೇ ಕೇಂದ್ರದಿಂದ ನಿಯಂತ್ರಿಸುವ ವಿಧಾನವಾಗಿದೆ. ಮೀಸಲು ಸಂಪರ್ಕವೆಂದರೆ ಮುಖ್ಯ ಸಂಪರ್ಕ ಕಡಿದಾಗ ಬಳಕೆಗೆ ಬರುವ ಎರಡನೆಯ ಅಂತರಜಾಲ ಸಂಪರ್ಕ. ಇವೆರಡನ್ನು ಒಂದಕ್ಕೊಂದು ಬದಲಿ ಎಂದು ತಿಳಿಯುವುದುಂಟು. ಆದರೆ ಎರಡನೆಯದು ದಾರಿ, ಮೊದಲನೆಯದು ದಾರಿಯನ್ನು ಆಯುವ ವ್ಯವಸ್ಥೆ. ದಾರಿ ಒಂದೇ ಇರುವಲ್ಲಿ ಆಯ್ಕೆಗೆ ಅವಕಾಶವಿಲ್ಲ.

ಕಾರ್ಯವಿಧಾನ

ಸಾಮಾನ್ಯ ರೌಟರ್ ಮುಖ್ಯ ಸಂಪರ್ಕ ಪೂರ್ಣವಾಗಿ ನಿಂತ ಮೇಲೆ ಮೀಸಲು ಸಂಪರ್ಕಕ್ಕೆ ಹೊರಳುತ್ತದೆ. ಆಗ ನಡೆಯುತ್ತಿದ್ದ ಕರೆ ಅಥವಾ ಹಣ ಪಾವತಿ ಅರ್ಧಕ್ಕೆ ನಿಲ್ಲಬಹುದು. ಎಸ್‌ಡಿ-ವ್ಯಾನ್ ಸಾಧನವು ಎಲ್ಲ ಸಂಪರ್ಕಗಳನ್ನೂ ಏಕಕಾಲದಲ್ಲಿ ಬಳಸಬಲ್ಲದು. ಪ್ರತಿಯೊಂದರ ವಿಳಂಬ ಮತ್ತು ದತ್ತಾಂಶ ನಷ್ಟವನ್ನು ಸತತವಾಗಿ ಅಳೆದು, ವಿಡಿಯೊ ಕರೆಗೆ ಉತ್ತಮವಾದುದನ್ನೂ ಕಡತಗಳ ರವಾನೆಗೆ ಅಗ್ಗದ್ದನ್ನೂ ಒದಗಿಸುತ್ತದೆ.

ವಿಜಯನಗರ ಜಿಲ್ಲೆಯ ಸಂದರ್ಭ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಭೂಮಿ ತಂತ್ರಾಂಶದ ಪಹಣಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ದೂರದ ಸರ್ವರನ್ನು ಅವಲಂಬಿಸಿವೆ. ಸಂಪರ್ಕ ಕಡಿದಾಗ ಜನರಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲ’ ಎಂಬುದು. ಸರ್ವರ್ ಸುಸ್ಥಿತಿಯಲ್ಲಿದ್ದು ನಡುವಿನ ದಾರಿ ಮಾತ್ರ ಕಡಿದಿರುವುದೂ ಉಂಟು. ಕೂಲಿ ಬಿಟ್ಟು ಬಂದವರಿಗೆ ಈ ವ್ಯತ್ಯಾಸದಿಂದ ಪ್ರಯೋಜನವಿಲ್ಲ, ಪರಿಹಾರ ಹುಡುಕುವವರಿಗೆ ಇದೆ.

ಗ್ರಾಮ ಪಂಚಾಯಿತಿಗಳನ್ನು ಜೋಡಿಸುವ ಭಾರತ್‌ನೆಟ್ ಯೋಜನೆ 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂಬ ಹೆಸರಿನಲ್ಲಿ ಅನುಮೋದನೆ ಪಡೆಯಿತು. ಅದರ ಮೊದಲ ಹಂತದ ಕೇಬಲ್ ಹೆಚ್ಚಾಗಿ ನೇರ ಸಾಲಿನದು. ಒಂದೆಡೆ ತುಂಡಾದರೆ ಅದರಾಚೆಯ ಊರುಗಳೆಲ್ಲ ಕಡಿದುಹೋಗುತ್ತವೆ. 2023ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಯೋಜನೆಯು ಉಂಗುರ ವಿನ್ಯಾಸವನ್ನು ಅಂಗೀಕರಿಸಿದೆ; ಇದರಲ್ಲಿ ಒಂದು ಬದಿ ತುಂಡಾದರೂ ಇನ್ನೊಂದು ಬದಿಯಿಂದ ಮಾಹಿತಿ ಹರಿಯುತ್ತದೆ.

ಆಯ್ಕೆ

ಶೇ. 99ರಷ್ಟು ಕಾಲ ಲಭ್ಯವಿರುವ ಸಂಪರ್ಕವು ವರ್ಷಕ್ಕೆ ಸುಮಾರು 88 ಗಂಟೆ ನಿಂತಿರುತ್ತದೆ. ಅಂಥ ಎರಡು ಸ್ವತಂತ್ರ ಸಂಪರ್ಕಗಳು ಒಟ್ಟಿಗೇ ನಿಲ್ಲುವ ಅವಧಿ ಲೆಕ್ಕದ ಪ್ರಕಾರ ಸುಮಾರು 53 ನಿಮಿಷ ಮಾತ್ರ. ಇಲ್ಲಿ ‘ಸ್ವತಂತ್ರ’ ಎಂಬ ಪದವೇ ಮುಖ್ಯ. ಎರಡು ಕಂಪನಿಗಳ ಕೇಬಲ್‌ಗಳು ರಸ್ತೆಯ ಒಂದೇ ಬದಿಯಲ್ಲಿ ಸಾಗಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಆದ್ದರಿಂದ ಕೇಬಲ್‌ಗೆ 4ಜಿ ಅಥವಾ 5ಜಿ ಸಂಪರ್ಕವನ್ನು ಮೀಸಲಾಗಿ ಇಡುವುದು ಮೇಲು. ಆದರೂ ಕೊಟ್ಟೂರೇಶ್ವರ ರಥೋತ್ಸವ, ಮೈಲಾರ ಜಾತ್ರೆಗಳಂತಹ ಜನಸಂದಣಿಯ ದಿನಗಳಲ್ಲಿ ಮೊಬೈಲ್ ಜಾಲ ನಿಧಾನಗೊಳ್ಳುವ ಸಂಭವವಿದೆ. ಟವರ್‌ನ ಮಾಹಿತಿಯೂ ಅದೇ ಕೇಬಲ್ ಮೂಲಕ ಸಾಗುತ್ತಿದೆಯೇ ಎಂದು ವಿಚಾರಿಸುವುದು ಅಗತ್ಯ.

ಒಂದು ಶಾಲೆಗೆ ಅಥವಾ ಅಂಗಡಿಗೆ ಮೀಸಲು ಸಂಪರ್ಕವೇ ಸಾಕು. ಐದೂ ಊರುಗಳಲ್ಲಿ ಶಾಖೆಗಳಿರುವ ಪತ್ತಿನ ಸಹಕಾರ ಸಂಘದಂತಹ ಸಂಸ್ಥೆಗೆ ಎಸ್‌ಡಿ-ವ್ಯಾನ್ ಉಪಯುಕ್ತ. ಸಾಮಾನ್ಯವಾಗಿ ಅದರ ಪರವಾನಗಿಗೆ ನಿಯತವಾಗಿ ಶುಲ್ಕ ತೆರಬೇಕಾಗುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ವಿದ್ಯುತ್ ಹೋದಾಗ ರೌಟರ್ ನಡೆಯಲು ಯುಪಿಎಸ್ ಬೇಕು.